ಯಾರೂ ಒಯ್ಯದ ನೀಲಿ ಪೆಟ್ಟಿಗೆ

ಇಂಗುನ್‌ಳ ಮನೆಗೆ ಯಾರೇ ಬರಲಿ, ಮೊದಲು ಮೊಣಕಾಲು ತಗಲುತ್ತಿದ್ದುದು ಆ ಪೆಟ್ಟಿಗೆಗೆ. ಬಾಗಿಲು ದಾಟಿದರೆ ಅಡುಗೆಮನೆಗೆ ಹೋಗುವ, ಓಣಿಯಂಥ ಇಕ್ಕಟ್ಟಾದ ದಾರಿ. ಅದರ ಅರ್ಧವನ್ನು ನುಂಗಿಕೊಂಡು ಅದು ಕೂತಿತ್ತು. ದೋಣಿ ಕಟ್ಟುವ ಗಂಡ ಎಂಡ್ರೆ, ಒಂದು ಹನಿ ನೀರೂ ಒಳಗಿಳಿಯದ ಹಾಗೆ ಹಲಗೆ ಕೂಡಿಸಿ ಮಾಡಿದ ಪೆಟ್ಟಿಗೆ. ದೋಣಿಗೆ ಬಳಿದು ಮಿಕ್ಕಿದ್ದ ನೀಲಿ ಬಣ್ಣ, ಅದರ ಮೇಲೆ ದಪ್ಪ ಬಿಳಿ ಅಕ್ಷರಗಳಲ್ಲಿ: ಇಂಗುನ್, ಎಂಡ್ರೆ, ಮಡಗಾಸ್ಕರ್. ಅಂಚೆಯವನಾಗಲಿ, ಮೀನು ಕೊಡಲು ಬಂದ ನೆರೆಯವರಾಗಲಿ ಅದನ್ನು ಓದದೆ ಒಳಗೆ ಬರುವಂತಿರಲಿಲ್ಲ. ಓದಿಯೂ ಓದಲಿಲ್ಲವೆಂಬಂತೆ, "ಹಾಳು ಗಾಳಿ, ಇವತ್ತು ಫೆರಿ ದೋಣಿ ಬರೋದು ಅನುಮಾನ" ಎಂದು ಬೇರೆ ಮಾತು ತೆಗೆಯುತ್ತಿದ್ದರು. ಆ ಗಾಳಿಯ ಮಾತು ಕೇಳಿದಾಗಲೆಲ್ಲ ಇಂಗುನ್ ಬೆನ್ನು ತಿರುಗಿಸಿ ಅಡುಗೆಮನೆಗೆ ನಡೆಯುತ್ತಿದ್ದಳು.

ಹದಿನಾಲ್ಕನೆಯ ವಯಸ್ಸಿನಲ್ಲಿ, ಇದೇ ಸ್ಕಾರ್ವೆ ದ್ವೀಪದ ಪ್ರಾರ್ಥನಾಮಂದಿರದಲ್ಲಿ ಅವಳು ಎದ್ದು ನಿಂತಿದ್ದಳು. ಮಡಗಾಸ್ಕರ್‌ನ ಮಿಶನ್ ಆಸ್ಪತ್ರೆಯಿಂದ ರಜೆಗೆ ಬಂದಿದ್ದ ಒಬ್ಬ ದಾದಿ, ಗೋಡೆಗೆ ಕಟ್ಟಿದ ಬಿಳಿ ಬಟ್ಟೆಯ ಮೇಲೆ ಚಿತ್ರಗಳನ್ನು ತೋರಿಸಿ, ಕೊನೆಗೆ ದೀಪ ಹಚ್ಚಿಸಿ, "ನಿಮ್ಮಲ್ಲಿ ಯಾರು ಹೋಗುವಿರಿ?" ಎಂದು ಕೇಳಿದ್ದರು. ಇಂಗುನ್‌ಳ ಕಾಲು ಅವಳನ್ನು ಕೇಳದೆಯೇ ನಿಂತುಬಿಟ್ಟಿತ್ತು. ಆಮೇಲೆ ಒಂದು ದಿನವೂ ಅವಳಿಗೆ ಅನುಮಾನ ಬಂದದ್ದಿಲ್ಲ. ಪಟ್ಟಣಕ್ಕೆ ಹೋಗಿ ದಾದಿಯ ಕೆಲಸ ಕಲಿತಳು, ಮಲಗಾಸಿ ಭಾಷೆಯ ಪದಗಳನ್ನು ಬಾಯಿಪಾಠ ಮಾಡಿದಳು. ಎಂಡ್ರೆ ಮದುವೆಯ ಮಾತೆತ್ತಿದಾಗ ಅವಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

"ಮಡಗಾಸ್ಕರ್‌ಗೆ ಬರ್ತೀಯಾ?" ಎಂದು ಕೇಳಿದಳು.

"ಅಲ್ಲಿ ದೋಣಿ ಇದ್ಯಾ?"

"ಇದೆ."

"ಹಾಗಾದ್ರೆ ಬರ್ತೀನಿ."

ಎಲ್ಲವೂ ಅವಳು ಅಂದುಕೊಂಡ ಹಾಗೆಯೇ ಸಾಗಿತು. ಮಗಳು ಸುನ್ನಿವಾ ಹುಟ್ಟಿ ನಡೆಯಲು, ಮಾತಾಡಲು ಕಲಿತಳು. ಮಿಶನ್‌ನವರು ಹಡಗಿನಲ್ಲಿ ಜಾಗ ಗೊತ್ತುಮಾಡಿದರು. ಪ್ರಾರ್ಥನಾಮಂದಿರದಲ್ಲಿ ಬೀಳ್ಕೊಡುಗೆಯೂ ಆಗಿಹೋಯಿತು. ಹಿರಿಯರು ತಲೆಯ ಮೇಲೆ ಕೈಯಿಟ್ಟು ಹರಸಿದರು, ಹೆಂಗಸರು ಅತ್ತರು. ಅದಾದ ಮೇಲೆ ಮಗು ನೀರು ಕೇಳತೊಡಗಿತು. ಲೋಟದ ಮೇಲೆ ಲೋಟ. ಮೂಲೆಯ ಬಕೀಟಿಗೇ ಬಾಯಿಟ್ಟು ಕುಡಿಯುತ್ತಿದ್ದುದನ್ನು ಒಂದು ದಿನ ಇಂಗುನ್ ಕಂಡಳು. ದಾದಿಯಾದವಳಿಗೆ ಅದೇನೆಂದು ತಿಳಿಯಬೇಕಿತ್ತು. ತಿಳಿಯಿತು ಕೂಡ, ಆದರೆ ತಿಳಿದದ್ದನ್ನು ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ.

ಸಕ್ಕರೆ ಕಾಯಿಲೆ. ದಿನವೂ ಸೂಜಿ, ಬದುಕಿರುವಷ್ಟು ಕಾಲವೂ. ಮಿಶನ್‌ನ ವೈದ್ಯರು ಒಳ್ಳೆಯವರು, ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಹೇಳಿದರು: "ನೀವು ಹೋಗೋ ಕಡೆ ಔಷಧಿ ತಣ್ಣಗಿಡೋಕೆ ಏನೂ ಇಲ್ಲ. ಮಳೆಗಾಲದಲ್ಲಿ ದಾರಿನೂ ಇರೋಲ್ಲ. ಮಗುಗೆ ಹೆಚ್ಚುಕಮ್ಮಿ ಆದ್ರೆ? ಸದ್ಯಕ್ಕೆ ಬೇಡಮ್ಮ."

ಸದ್ಯಕ್ಕೆ. ಇಂಗುನ್ ಆ ಒಂದು ಮಾತನ್ನು ಹಿಡಿದುಕೊಂಡು ಮನೆಗೆ ಬಂದಳು. ಪೆಟ್ಟಿಗೆಯನ್ನು ಬಿಚ್ಚಲಿಲ್ಲ.

ಮದುವೆಯಲ್ಲಿ ಬಂದ ಒಳ್ಳೆಯ ತಟ್ಟೆಗಳು ಅದರಲ್ಲಿದ್ದವು, ಅಂಚು ಒಡೆದವು ಅಡುಗೆಮನೆಯಲ್ಲಿ. ದಪ್ಪ ಹಾಸುಬಟ್ಟೆಗಳು ಅದರಲ್ಲಿ, ತೇಪೆ ಹಾಕಿದವು ಮಂಚದ ಮೇಲೆ. ಅಲ್ಲಿ ಬಟ್ಟೆ ಸಿಗುವುದಿಲ್ಲವೆಂದು ಸುನ್ನಿವಾಳಿಗೆ ಮುಂದಿನ ವರ್ಷಗಳಿಗೆಲ್ಲ ಅಳತೆ ಊಹಿಸಿ ಹೊಲಿದಿಟ್ಟ ಫ್ರಾಕುಗಳೂ ಅದರಲ್ಲೇ. ಏನಾದರೂ ತೀರಾ ಬೇಕಾದರೆ ತೆಗೆದು, ಬಳಸಿ, ತೊಳೆದು, ಒಣಗಿಸಿ, ಮತ್ತೆ ಅದೇ ಜಾಗದಲ್ಲಿ ಇಡುತ್ತಿದ್ದಳು. ಮಿಶನ್‌ನಿಂದ ಕರೆ ಬಂದರೆ? ಬಂದಾಗ ಸಿದ್ಧವಿಲ್ಲದಿದ್ದರೆ? ಮಗು ಹೆಚ್ಚು ಹೊತ್ತು ಮಲಗಿದರೆ, ಇದು ನಿದ್ದೆಯೋ ಸಕ್ಕರೆ ಇಳಿದು ಪ್ರಜ್ಞೆ ತಪ್ಪಿದ್ದೋ ಎಂದು ಎಬ್ಬಿಸಿ ನೋಡುವಳು. ಮಗು ಗೊಣಗಿ ಮಗ್ಗುಲಾದರೆ, ಓಣಿಗೆ ಬಂದು ಪೆಟ್ಟಿಗೆಯ ಚಿಲಕ ಮುಟ್ಟಿ ನೋಡುವಳು. ಒಂದೆಡೆ ಕೂತು ಕಾಫಿ ಕುಡಿದದ್ದೇ ಅವಳಿಗೆ ನೆನಪಿಲ್ಲ.

ಪ್ರಾರ್ಥನೆಯಲ್ಲೂ ಹಾಗೆಯೇ. ದೇವರಿಗೆ ಅವಳು ಫೆರಿಯ ವೇಳಾಪಟ್ಟಿ ಕೊಟ್ಟ ಹಾಗೆ ಹೇಳುತ್ತಿದ್ದಳು: "ಈ ವಸಂತಕ್ಕೆ. ಆಗದಿದ್ದರೆ ಶರತ್ಕಾಲಕ್ಕೆ. ಅದೂ ಆಗದಿದ್ದರೆ ಮುಂದಿನ ವಸಂತಕ್ಕಾದರೂ."

ಪ್ರತಿ ಗುರುವಾರ ಮಿಶನ್‌ನ ಹೆಂಗಸರ ಸಂಘ ಸೇರುತ್ತಿತ್ತು. ಸಂಘಕ್ಕೆ ಹಿರಿಯಳು ಇಂಗುನ್‌ಳ ಅತ್ತೆ ಮಲೇನಾ. ಹೆಣಿಗೆ, ಕಾಫಿ, ಕೊನೆಯಲ್ಲಿ ಪ್ರಾರ್ಥನೆ. ಮಲೇನಾ ಹೆಣಿಗೆಯನ್ನು ಮಡಿಲಿಗೆ ಹಾಕಿ, ಕಣ್ಣು ಮುಚ್ಚಿ, ಪ್ರತಿ ಸಲವೂ ಅದೇ ದನಿಯಲ್ಲಿ ಹೇಳುವಳು: "ಕರ್ತನೇ, ಇಂಗುನ್‌ಗೆ ಬಾಗಿಲು ತೆರೆ." ಹೆಂಗಸರೆಲ್ಲ ಆಮೆನ್ ಅನ್ನುವರು. ಹಡಗು ಹೋಗಿ ಎಷ್ಟೋ ಕಾಲವಾದರೂ ಆ ಹೆಸರನ್ನು ಪ್ರಾರ್ಥನೆಯಿಂದ ಬಿಡುವ ಧೈರ್ಯ ಒಬ್ಬರಿಗೂ ಬರಲಿಲ್ಲ. ಬಿಟ್ಟರೆ, ದೇವರು ಆಗದೆಂದ ಎಂದು ತಾವೇ ಅವಳ ಮುಖಕ್ಕೆ ಹೇಳಿದಂತಾಗುತ್ತಿತ್ತಲ್ಲ.

ಸಮಾಧಾನ ಹೇಳುವವರಂತೂ ಇನ್ನೂ ಕಷ್ಟ. ಮೀನುದೋಣಿಯ ಯಜಮಾನ ತಾರಾಲ್ಡ್ ಒಮ್ಮೆ ಹೆಬ್ಬೆರಳಿಗೆ ಗಾಳ ಚುಚ್ಚಿಸಿಕೊಂಡು ಅವಳ ಅಡುಗೆಮನೆಗೇ ಬಂದ. ಅವಳು ಗಾಳ ಬಿಡಿಸುತ್ತಿರುವಾಗ, "ನೋಡಮ್ಮ, ನಿನ್ನ ಮಡಗಾಸ್ಕರ್ ಇಲ್ಲೇ ಇದೆ, ನಮ್ಮಂಥ ಕಾಡುಜನರ ಮಧ್ಯೆ!" ಎಂದ. ಅವಳು ಬೇಕಾದುದಕ್ಕಿಂತ ಸ್ವಲ್ಪ ಜೋರಾಗಿಯೇ ಎಳೆದಳು.

"ಅಯ್ಯಯ್ಯೋ! ಅಲ್ಲಿನವ್ರನ್ನೂ ಹೀಗೇ ನೋಡ್ಕೊಳ್ತಿದ್ಯಾ?"

"ಅಲ್ಲಿನವ್ರು ಇಷ್ಟು ಮಾತಾಡಲ್ಲ ಅಂತ ಕೇಳಿದೀನಿ," ಎಂದಳು ಇಂಗುನ್.

ಸುನ್ನಿವಾ ಶಾಲೆಗೆ ಹೋಗುವಷ್ಟು ದೊಡ್ಡವಳಾದಳು. ಆ ಶರತ್ಕಾಲ ಶಾಲೆಯಲ್ಲಿ ಮಕ್ಕಳ ಹಾಡಿನ ಕಾರ್ಯಕ್ರಮ ಇತ್ತು. ಸುನ್ನಿವಾ ಹಟ ಹಿಡಿದಳು: "ಪೆಟ್ಟಿಗೇಲಿರೋ ಹಳದಿ ಫ್ರಾಕ್ ಬೇಕು."

"ಅದು ಅಲ್ಲಿಗೆ ಹೋದ್ಮೇಲೆ."

"ಒಂದೇ ದಿನ ಅಮ್ಮ. ಆಮೇಲೆ ತೊಳೆದು ಇಡು."

ತೊಳೆದು ಇಡು ಎಂಬ ಮಾತು ಮಗುವಿನ ಬಾಯಲ್ಲಿ ಕೇಳಿ ಇಂಗುನ್‌ಗೆ ಚುರುಕ್ಕೆಂದಿತು. ಪೆಟ್ಟಿಗೆ ತೆರೆದಳು. ಹಳದಿ ಫ್ರಾಕು ಮಗುವಿನ ಭುಜದಲ್ಲೇ ಸಿಕ್ಕಿಕೊಂಡಿತು. ಅದರ ಕೆಳಗಿನ ನೀಲಿಗೀಟಿನದು ತೋಳಿಗೇ ಏರಲಿಲ್ಲ. ಹೂವಿನದು ಹೊಕ್ಕುಳ ತನಕ. ಒಂದೊಂದನ್ನೇ ತೆಗೆದು ಹಾಕಿ ನೋಡಿ, ಇಂಗುನ್ ಪಕ್ಕಕ್ಕೆ ಇಡುತ್ತ ಹೋದಳು. ಮಡಿಕೆಯೂ ಮುರಿಯದ ಬಟ್ಟೆಗಳು, ಯಾರೂ ತೊಡದೆಯೇ ಚಿಕ್ಕವಾಗಿಹೋಗಿದ್ದವು.

"ಇವೆಲ್ಲ ಯಾರದಮ್ಮ?" ಎಂದು ಕೇಳಿದಳು ಸುನ್ನಿವಾ.

"ನಿನ್ನದೇ ಪುಟ್ಟಾ."

"ನಾನು ಹಾಕ್ಕೊಂಡೇ ಇಲ್ವಲ್ಲ!"

ಎಂಡ್ರೆ ಕೆಲಸದಿಂದ ಬಂದಾಗ ಹೆಂಡತಿ ಓಣಿಯಲ್ಲಿ ನೆಲದ ಮೇಲೆ, ಫ್ರಾಕುಗಳ ನಡುವೆ ಕೂತಿದ್ದಳು.

"ಇದನ್ನ ಮಿಶನ್ ಹರಾಜಿಗೆ ಕೊಟ್ಬಿಡೋಣ," ಎಂದಳು.

"ಪೆಟ್ಟಿಗೇನಾ?" ಅವನು ಟೋಪಿ ತೆಗೆದ. "ನಿಜವಾಗ್ಲೂ?"

"ಕೊಟ್ಮೇಲೆ ಏನು ಉಳಿಯುತ್ತೆ ಹೇಳು. ಅವತ್ತು ಕರೆದೋನು ದೇವರೇ ಅಲ್ಲದಿದ್ರೆ? ನಾನೇ ಏನೋ ಅಂದ್ಕೊಂಡು ನಿಂತಿದ್ರೆ? ಆಮೇಲೆ ಇನ್ಯಾವುದನ್ನ ನಂಬ್ಲಿ ನಾನು? ಪ್ರಾರ್ಥನೆ ಮಾಡ್ವಾಗ್ಲೂ ಯಾರ ಹತ್ರ ಮಾತಾಡ್ತಿದೀನಿ ಅಂತ..."

"ನಂಗೊತ್ತಿಲ್ಲ ಇಂಗುನ್. ನಾನು ದೋಣಿ ಇದ್ಯಾ ಅಂತ ಕೇಳಿದೋನು."

"ತಮಾಷೆ ಬೇಡ."

"ತಮಾಷೆ ಅಲ್ಲ." ಅವನು ಪಕ್ಕದಲ್ಲಿ ಕೂತ. "ಹೋದ್ರೂ ಇದ್ರೂ ನಿನ್ನ ಜೊತೆ ಅಂತ ಅಂದ್ಕೊಂಡಿದ್ದೆ. ದೇವರ ವಿಷ್ಯ ನೀನು ನೋಡ್ಕೊಳ್ತೀಯ ಅಂತ ಬಿಟ್ಬಿಟ್ಟಿದ್ದೆ. ಅದು ನನ್ನ ಸೋಮಾರಿತನ."

ಶನಿವಾರ ಪ್ರಾರ್ಥನಾಮಂದಿರದಲ್ಲಿ ಮಿಶನ್ ಹರಾಜು, ಬಂದ ದುಡ್ಡೆಲ್ಲ ಮಿಶನ್‌ಗೆ. ಒದ್ದೆ ಉಣ್ಣೆ, ಕಾಫಿ, ಬಿಸಿ ದೋಸೆಯ ಹಾಗೆ ಹುಯ್ದ ವಾಫಲ್, ಎಲ್ಲದರ ವಾಸನೆ ಕಲೆತಿತ್ತು. ಹರಾಜು ಕೂಗುವವನು ಯಾವಾಗಲೂ ತಾರಾಲ್ಡ್; ಹೆಬ್ಬೆರಳು ವಾಸಿಯಾಗಿತ್ತು. ಕೈಗವಸು, ಕುರಿಯ ತೊಡೆ, ಕೇಕು ಒಂದೊಂದೇ ಮೇಜಿಗೆ ಬಂದವು. ಅಲ್ಲಿನ ರೂಢಿ ಎಂದರೆ, ಕೊಂಡವನಿಗೆ ಮನಸ್ಸು ದೊಡ್ಡದಿದ್ದರೆ ವಸ್ತುವನ್ನು ಒಯ್ಯುವುದಿಲ್ಲ. ದುಡ್ಡು ಕೊಟ್ಟು "ಮತ್ತೆ ಕೂಗಿ" ಅನ್ನುತ್ತಾನೆ, ಅದು ಇನ್ನೊಮ್ಮೆ ಮಾರಾಟವಾಗುತ್ತದೆ. ಹಿಂದಿನ ವರ್ಷ ಒಂದು ಕೆನೆಯ ಕೇಕು ಹೀಗೆ ಕೈಯಿಂದ ಕೈಗೆ ಸುತ್ತಿ ಸುತ್ತಿ, ಕೊನೆಗೆ ತಾರಾಲ್ಡ್‌ನ ಮೊಣಕೈಯೇ ಅದರೊಳಗೆ ಇಳಿದಿತ್ತು.

ಎಂಡ್ರೆ ಖಾಲಿ ಪೆಟ್ಟಿಗೆಯನ್ನು ಹೊತ್ತು ತಂದಿಟ್ಟ. ಬಿಳಿ ಅಕ್ಷರಗಳು ಜನರ ಕಡೆಗೇ ತಿರುಗಿದ್ದವು. ಕಾಫಿ ಕೆಟಲು ಹಿಡಿದು ಹಿಂದೆ ನಿಂತಿದ್ದ ಇಂಗುನ್, ತಿರುಗಿಸಿ ಇಡಬಾರದಿತ್ತೇ ಎಂದು ಅಂದುಕೊಂಡಳು.

"ಒಳ್ಳೆ ಪೆಟ್ಟಿಗೆ," ಎಂದ ತಾರಾಲ್ಡ್. ಅವನಿಗೆ ತಮಾಷೆಯೇ ಹೊಳೆಯಲಿಲ್ಲ. "ಸಮುದ್ರಕ್ಕೆ ಬಿದ್ರೂ ಒಳಗೆ ಒಣಗಿರುತ್ತೆ. ಯಾರು ಕೂಗ್ತೀರಿ?"

ಅಂಗಡಿಯ ಬೆರ್ಟಿನ್ ಕೂಗಿದ. ಅವನಿಗೇ ಆಯಿತು. ದುಡ್ಡು ಇಟ್ಟು, ತಲೆ ತಗ್ಗಿಸಿ, "ಮತ್ತೆ ಕೂಗಿ" ಎಂದ. ಫೆರಿಯವನು ಕೊಂಡ, "ಮತ್ತೆ ಕೂಗಿ." ಶಾಲೆಯ ಮೇಷ್ಟ್ರು ಕೊಂಡರು, "ಮತ್ತೆ ಕೂಗಿ." ಪ್ರತಿ ಸಲ ಸುತ್ತಿಗೆ ಬಿದ್ದಾಗಲೂ ಪೆಟ್ಟಿಗೆ ಅಲ್ಲೇ ಉಳಿಯುವುದು. ಕೊಂಡವರು ಒಬ್ಬರೂ ಇಂಗುನ್‌ಳ ಕಡೆ ನೋಡಲಿಲ್ಲ. ಅವಳಿಗೆ ಅರ್ಥವಾಯಿತು: ಇದು ದೊಡ್ಡ ಮನಸ್ಸಲ್ಲ, ಅಂಜಿಕೆ. ಅವಳ ಮಡಗಾಸ್ಕರನ್ನು ತನ್ನ ಮನೆಗೆ ಹೊತ್ತುಕೊಂಡು ಹೋಗಲು ಯಾರಿಗೂ ಕೈ ಬರುತ್ತಿಲ್ಲ. ಇವರ ಕನಿಕರ ಹೀಗೇ ಸುತ್ತುತ್ತದೆ. ಸಂಜೆಗೆ ಅದು ಮರಳಿ ತನ್ನ ಓಣಿಗೇ ಬಂದು ಕೂರುತ್ತದೆ.

"ಯಾರಾದ್ರೂ ಮನೆಗೆ ತಗೊಂಡ್ಹೋಗಿ!"

ತಾನೇ ಕೂಗಿದ್ದೆಂದು ಅವಳಿಗೆ ತಿಳಿದದ್ದು ಎಲ್ಲರೂ ತಿರುಗಿದ ಮೇಲೆ. ಕೆಟಲಿನಿಂದ ಕಾಫಿ ನೆಲಕ್ಕೆ ಸುರಿಯುತ್ತಿತ್ತು.

"ದಯವಿಟ್ಟು. ನನ್ನ ಕೈಲಿ ಅದನ್ನ ಇನ್ನು ದಾಟ್ಕೊಂಡು ಓಡಾಡೋಕಾಗಲ್ಲ."

ಮುಂದಿನ ಸಾಲಿನಲ್ಲಿ ಹೆಣಿಗೆಯ ಕಡ್ಡಿಯೊಂದು ಮೇಲೆದ್ದಿತು. ಮಲೇನಾ. ಹರಾಜಿನಲ್ಲಿ ವಾಫಲ್ ಬಿಟ್ಟು ಬೇರೇನನ್ನೂ ಕೊಂಡವಳಲ್ಲ. ಅವಳಿಗೆ ಎದುರಾಗಿ ಯಾರೂ ಕೂಗಲಿಲ್ಲ. ತಾರಾಲ್ಡ್ ಸುತ್ತಿಗೆ ಬಡಿದು ಮೆಲ್ಲಗೆ ಕೇಳಿದ:

"ಮತ್ತೆ ಕೂಗ್ಲಾ ಮಲೇನಾ?"

"ಬೇಡ. ಮನೆಗೆ ಒಯ್ತೀನಿ."

"ಏನಿಡ್ತೀರಿ ಅದ್ರಲ್ಲಿ?"

"ಆಲೂಗಡ್ಡೆ."

ಯಾರೋ ನಕ್ಕು, ನಕ್ಕದ್ದಕ್ಕೆ ಕೆಮ್ಮಿದರು. "ಆ ಅಕ್ಷರ ಕೆರೆದು ತೆಗೀಬೇಕಾಗುತ್ತೆ," ಎಂದ ಬೆರ್ಟಿನ್.

"ಯಾಕೆ ತೆಗೀಲಿ? ನನ್ನ ಮಗ ಚೆನ್ನಾಗಿ ಬರ್ದಿದಾನೆ. ಆಲೂಗಡ್ಡೆಗೆ ಓದೋಕೆ ಬರಲ್ಲ."

ಜನ ಹೋದ ಮೇಲೆ ಅತ್ತೆ ಸೊಸೆ ಮಂದಿರದ ಅಡುಗೆಕೋಣೆಯಲ್ಲಿ ಲೋಟ ತೊಳೆಯುತ್ತಿದ್ದರು. ಇಂಗುನ್ ಒಂದೇ ಲೋಟವನ್ನು ಒರೆಸುತ್ತಲೇ ಇದ್ದಳು.

"ಅತ್ತೆ, ನಾನು ತಪ್ಪು ತಿಳ್ಕೊಂಡಿದ್ನಾ? ಅವತ್ತು?"

"ನೀನು ಎದ್ದು ನಿಂತಾಗ ನಾನು ನಿನ್ನ ಹಿಂದಿನ ಸಾಲಲ್ಲೇ ಇದ್ದೆ. ನಿನ್ನ ಲಂಗ ನಡುಗ್ತಿತ್ತು. ಸುಳ್ಳೇ ಎದ್ದು ನಿಲ್ಲೋ ಹುಡುಗಿ ಹಾಗೆ ನಡುಗಲ್ಲ."

"ಮತ್ಯಾಕೆ ಹೀಗಾಯ್ತು?"

"ದೇವರು ನಂಗೂ ಹೇಳಿಲ್ಲ." ಮಲೇನಾ ನೀರಿನಿಂದ ಕೈ ತೆಗೆಯಲಿಲ್ಲ. "ಎಂಡ್ರೆಯ ಅಪ್ಪ ಸಮುದ್ರದಿಂದ ಬರದೆ ಹೋದಾಗ್ಲೂ ಹೇಳ್ಲಿಲ್ಲ. ಆಗ ಒಂದು ವರ್ಷ ನಾನು ದೇವರ ಹತ್ರ ಮಾತೇ ಬಿಟ್ಟಿದ್ದೆ, ಗೊತ್ತಾ? ಅವನು ನನ್ನ ಬಿಡ್ಲಿಲ್ಲ. ಅದೊಂದು ಗೊತ್ತು ನಂಗೆ. ಅವನ ಯೋಜನೆ ಏನು ಅಂತ ಕೇಳಿದ್ರೆ, ಗೊತ್ತು ಅನ್ನೋಕೆ ನಂಗೆ ಬಾಯಿಲ್ಲ. ಅದು ಅವನ ಕೈಲಿದೆ ಅನ್ನಬಲ್ಲೆ, ಅಷ್ಟೇ."

"ನಂಗೆ ಅಷ್ಟು ಸಾಕಾಗಲ್ಲ ಅತ್ತೆ."

"ನಂಗೂ ಬಹಳ ದಿನ ಸಾಕಾಗಲ್ಲ. ಬೆಳಗಾದ್ರೆ ಮತ್ತೆ ಕೇಳ್ತೀನಿ." ಮಲೇನಾ ಕೈ ಒರೆಸಿಕೊಂಡು ಸೊಸೆಯ ಕೈಯಿಂದ ಲೋಟ ತೆಗೆದುಕೊಂಡಳು. "ಬಾಗಿಲು ತೆರೆ, ಬಾಗಿಲು ತೆರೆ ಅಂತ ನಾವು ಬಡೀತಾ ಇದ್ವಿ. ನೀನು ಒಳಗೆ ಹೇಗಿದೀಯ ಅಂತ ಕೇಳ್ಲಿಲ್ಲ. ಈ ಗುರುವಾರ ಏನು ಹೇಳ್ಲಿ, ನೀನೇ ಹೇಳು. ನಿನ್ನ ಹೆಸರು ಬಿಡ್ಲಾ?"

ಹೆಸರೇ ಇಲ್ಲದ ಗುರುವಾರ ಇಂಗುನ್‌ಳ ಕಣ್ಣಮುಂದೆ ಬಂತು.

"ಬಿಡಬೇಡಿ," ಎಂದಳು ತಡೆದು ತಡೆದು. "ಬಾಗಿಲಿನ ಮಾತು ಬಿಡಿ. ಹೆಸರು ಇರ್ಲಿ."

ಭಾನುವಾರ ಬೆಳಿಗ್ಗೆ ಮನೆತುಂಬ ರಾಶಿ. ಎಲ್ಲಿಡಬೇಕೆಂದು ತೋಚದ ಹಾಸುಬಟ್ಟೆಗಳು, ಲಾಟೀನು, ಸೊಳ್ಳೆಪರದೆ. ಓಣಿ ಬರಿದಾಗಿತ್ತು. ಆದರೂ ಇಂಗುನ್‌ಳ ಮೈ ತಾನಾಗಿಯೇ ಗೋಡೆಗೆ ಒತ್ತಿಕೊಂಡು, ಇಲ್ಲದ ಪೆಟ್ಟಿಗೆಯನ್ನು ಬಳಸಿ ಅಡುಗೆಮನೆಗೆ ಹೋಯಿತು. ಒಳ್ಳೆಯ ತಟ್ಟೆಗಳನ್ನು ಮೇಜಿಗೆ ಹಾಕಿದಳು. ಎಂಡ್ರೆ ತಟ್ಟೆಯನ್ನು ಎತ್ತಿ ತಿರುಗಿಸಿ ನೋಡಿ, "ಯಾರು ಬರ್ತಿದಾರೆ?" ಎಂದ.

"ಯಾರೂ ಇಲ್ಲ. ಇಡು ಕೆಳಗೆ, ಒಡೀತೀಯ."

ಸುನ್ನಿವಾ ಪೆಟ್ಟಿಗೆಯ ತಳದಲ್ಲಿದ್ದ ಕೆಂಪು ಫ್ರಾಕು ಹಾಕಿಕೊಂಡು ಬಂದಳು. ಅದೊಂದೇ ಇನ್ನೂ ದೊಡ್ಡದಾಗಿತ್ತು, ತೋಳು ಬೆರಳು ಮುಚ್ಚುತ್ತಿತ್ತು. ಇಂಗುನ್ ತೋಳು ಮಡಚಿ, ಫ್ರಾಕಿನ ಅಂಚು ಎತ್ತಿ, ಮಗಳ ತೊಡೆಗೆ ಸೂಜಿ ಚುಚ್ಚಿದಳು. ಮಗು ಎಂದಿನಂತೆ ಮುಖ ಕಿವುಚಿ, ಎಂದಿನಂತೆ ಆಮೇಲೆ ಬ್ರೆಡ್ಡಿಗೆ ಕೈಹಾಕಿತು.

ಊಟದ ಪ್ರಾರ್ಥನೆಗೆ ಕೈ ಜೋಡಿಸಿದಾಗ ಮಾತು ರೂಢಿಯಂತೆ ತಾನಾಗಿ ಹೊರಟಿತು: "ಕರ್ತನೇ, ಮುಂದಿನ ವಸಂತಕ್ಕೆ..." ಇಂಗುನ್ ತುಟಿ ಕಚ್ಚಿದಳು. ಎಂಡ್ರೆ ಒಂದು ಕಣ್ಣು ತೆರೆದು ನೋಡಿದ. ಇಂಗುನ್‌ಳ ಒಳಗಿನ ಚಡಪಡಿಕೆ ಪೆಟ್ಟಿಗೆಯ ಜೊತೆ ಅತ್ತೆಯ ಮನೆಗೆ ಹೋಗಿರಲಿಲ್ಲ.

"ಇವತ್ತು ಇಲ್ಲಿದೀವಿ," ಎಂದಳು. "ಯಾಕೆ ಅಂತ ನಿಂಗೊತ್ತು. ನಾನು ನಾಳೆನೂ ಕೇಳ್ತೀನಿ. ಬೇಜಾರು ಮಾಡ್ಕೋಬೇಡ. ಆಮೆನ್."

"ಆಮೆನ್," ಎಂದಳು ಸುನ್ನಿವಾ, ಬಾಯಿ ತುಂಬ ಬ್ರೆಡ್ಡು ಇಟ್ಟುಕೊಂಡು. ಅವಳ ಕೆಂಪು ತೋಳು ಅಪ್ಪನ ತಟ್ಟೆಯ ಜಾಮಿನೊಳಗೆ ಇಳಿಯಿತು. ಇಂಗುನ್ ನೋಡಿದಳು, ತೊಳೆಯಲು ಏಳಲಿಲ್ಲ. ಕೂತು ಕಾಫಿ ಹುಯ್ದುಕೊಂಡಳು.