ಕಾರ್ಡು ಎಳೆದರೆ ನಿಲ್ಲಬೇಕು

ನನ್ನ ಅತ್ತಿಗೆಯನ್ನು ಬೀದಿಯವರೆಲ್ಲ ಚಿಮಟ ಎಂದು ಕರೆಯುತ್ತಿದ್ದರು. ತುರುಬಿಗೆ ಸದಾ ಒಂದು ಚಿಮಟ ಸಿಕ್ಕಿಸಿಕೊಂಡಿರುತ್ತಿದ್ದಳು. ಸಣ್ಣ ಸ್ಕ್ರೂ ಹೆಕ್ಕುವುದಕ್ಕೂ ಅದೇ, ತಲೆಹರಟೆ ಮಾಡಿದವರ ಕಿವಿ ಹಿಡಿಯುವುದಕ್ಕೂ ಅದೇ. ಹಳೆಯ ಲ್ಯಾಪ್‌ಟಾಪ್ ರಿಪೇರಿ ಅವಳ ಕಸುಬು. ಅಂಗಡಿ ಎಂದರೆ ಮೆಟ್ಟಿಲ ಕೆಳಗಿನ ಗೂಡು, ಅದರ ಮೇಲೊಂದು ಅಟ್ಟ. ಎಡಕ್ಕೆ ಚಪ್ಪಲಿ ಹೊಲಿಯುವವನು, ಬಲಕ್ಕೆ ಬೀಗದ ಕೈ ಮಾಡುವವನು. ಇಬ್ಬರ ಸುತ್ತಿಗೆಯ ಸದ್ದಿನ ನಡುವೆ ಕೂತು ಅವಳು ಗುಂಡುಸೂಜಿಯ ತಲೆಯಷ್ಟು ಜಾಗಕ್ಕೆ ಬೆಸುಗೆ ಹಾಕುತ್ತಿದ್ದಳು.

ನಾನು ಅವಳ ಗಂಡನ ತಂಗಿ. ಡಬ್ಬಿಗಳಿಗೆ ತಗಡಿನ ಮುಚ್ಚಳ ಮಾಡುವ ಕಾರ್ಖಾನೆಯಲ್ಲಿ ಮುಚ್ಚಳದ ಅಂಚು ಉಜ್ಜುವುದು ನನ್ನ ಕೆಲಸವಾಗಿತ್ತು. ಅದೇ ಶೆಡ್ಡಿನಲ್ಲಿ ಅಣ್ಣ ತಗಡು ಒತ್ತಿ ಮುಚ್ಚಳ ಕತ್ತರಿಸುವ ಪ್ರೆಸ್ಸು ನಡೆಸುತ್ತಿದ್ದ. ನಮ್ಮ ವಂಶಕ್ಕೆ ಕೋಪ ಮೂಗಿನ ತುದಿಯಲ್ಲಿ. ಬಸ್ಸಿನಲ್ಲಿ ಮೈಮೇಲೆ ಕೈ ಹಾಕಿದವನ ಹಲ್ಲನ್ನು ಊಟದ ಡಬ್ಬಿಯಿಂದ ಉದುರಿಸಿದವಳು ನಾನು, ಅದಕ್ಕೆ ಇವತ್ತಿಗೂ ಬೇಸರವಿಲ್ಲ. ಅಣ್ಣನ ಕೋಪದ ದಾರಿ ಬೇರೆ. ಅವನು ಹೊರಗೆ ಬೆಕ್ಕು, ಮನೆಯೊಳಗೆ ಹುಲಿ. ಅತ್ತಿಗೆಯ ಕೆನ್ನೆ ಊದಿದಾಗಲೆಲ್ಲ ನಾನು ಅವನ ಮೇಲೆ ಎಗರುತ್ತಿದ್ದೆ, ಅವಳು ನನ್ನನ್ನು ಹಿಡಿದು ಆಚೆ ತಳ್ಳುತ್ತಿದ್ದಳು.

ಕಾರ್ಖಾನೆಯ ಮೇಸ್ತ್ರಿಗೆ ನಾವು ಇಟ್ಟ ಹೆಸರು ಸುತ್ತಿಗೆ. ನಿಧಾನ ಮಾಡಿದವರಿಗೆ ಹೊಡೆತ, ಬೇಗ ಮಾಡಿ ಕೆಡಿಸಿದವರಿಗೂ ಹೊಡೆತ. ಹಿಂದೊಮ್ಮೆ ಯಾವನೋ ಮೂತ್ರಕ್ಕೆ ಹೋಗಲು ಪ್ರೆಸ್ಸು ನಿಲ್ಲಿಸಿದ ಎಂದು ಸಿಟ್ಟಾಗಿ, ನಿಲ್ಲಿಸುವ ಕೆಂಪು ಗುಂಡಿಯನ್ನೇ ಸ್ಪ್ಯಾನರಿನಿಂದ ಗುದ್ದಿ ಪುಡಿ ಮಾಡಿದ್ದ. ಮತ್ತೆ ಅದನ್ನು ಯಾರೂ ಸರಿ ಮಾಡಿಸಲಿಲ್ಲ. ಅಲ್ಲಿಂದ ಒಂದು ರೂಢಿ ಶುರುವಾಯಿತು. ಪ್ರೆಸ್ಸನ್ನು ನಡೆಸುತ್ತಿದ್ದುದು ಪಕ್ಕದ ಮೇಜಿನ ಮೇಲಿದ್ದ ಹಳೆಯ ಲ್ಯಾಪ್‌ಟಾಪು. ಅದರ ಪಕ್ಕೆಯ ಸೀಳಿನಲ್ಲಿ ಅಂಗೈ ಅಗಲದ ಒಂದು ತೆಳ್ಳನೆಯ ಕಾರ್ಡು. ಪೆಡಲು ಒತ್ತಿದರು, ಕೆಂಪು ಗುಂಡಿ ಒತ್ತಿದರು ಎಂಬ ಸುದ್ದಿಯೆಲ್ಲ ಲ್ಯಾಪ್‌ಟಾಪಿಗೆ ಆ ಕಾರ್ಡಿನಿಂದಲೇ ಹೋಗಬೇಕು. ಕಾರ್ಡು ಕಿತ್ತರೆ ಲ್ಯಾಪ್‌ಟಾಪು ಹೆದರಿ ಪ್ರೆಸ್ಸನ್ನು ನಿಲ್ಲಿಸುತ್ತಿತ್ತು. ಹಾಗಾಗಿ ತಗಡು ಸಿಕ್ಕಿಕೊಂಡರೆ ಪ್ರೆಸ್ಸಿನವನು "ಎಳೀರಿ!" ಎಂದು ಕೂಗುವುದು, ಮೇಸ್ತ್ರಿ ಕಾರ್ಡು ಎಳೆಯುವುದು, ಪ್ರೆಸ್ಸಿನವನು ಕೈ ಒಳಗೆ ಹಾಕಿ ತಗಡು ಬಿಡಿಸುವುದು. ಪ್ರೆಸ್ಸು ನಿಂತಿತೇ ಎಂದು ತಿರುಗಿ ನೋಡುವ ಅಭ್ಯಾಸವೂ ಯಾರಿಗೂ ಉಳಿದಿರಲಿಲ್ಲ.

ಆ ಲ್ಯಾಪ್‌ಟಾಪು ಒಂದು ದಿನ ಸತ್ತಿತು. ಅಂಥ ಸೀಳು ಈಗಿನ ಲ್ಯಾಪ್‌ಟಾಪುಗಳಲ್ಲಿಲ್ಲ. ಅತ್ತಿಗೆ ಗುಜರಿಯಿಂದ ಒಂದನ್ನು ಹುಡುಕಿ ತಂದು ಕೂತಳು. ಲ್ಯಾಪ್‌ಟಾಪಿನ ತಿರುಳಿಗೆ ಕರ್ನೆಲ್ ಎನ್ನುತ್ತಾರಂತೆ. ಅದನ್ನು ಹೊಸದಾಗಿ ಕಟ್ಟುವಾಗ ಅದು ಒಂದೊಂದನ್ನೂ ಕೇಳುತ್ತದೆ: ಈ ಸೀಳಿನ ಪರಿಚಯ ಬೇಕೇ, ಈ ಜಾತಿಯ ಕಾರ್ಡಿನದು ಬೇಕೇ. ಉತ್ತರ ಮೂರೇ ಬಗೆ.

"ನೆಂಟರ ಹಾಗೆ ಕಣೇ," ಎಂದಳು ಅತ್ತಿಗೆ. "ಹೂಂ ಅಂದ್ರೆ ಮನೇಲೇ ಇರೋರು. ಕರೆದಾಗ ಬಾ ಅಂದ್ರೆ ಕೆಲಸ ಇದ್ದಾಗ ಬಂದು ಹೋಗೋರು. ಊಹೂಂ ಅಂದ್ರೆ ಹೊಸ್ತಿಲು ತುಳೀಬಾರ್ದು."

"ನಾನು ಯಾವ ಲೆಕ್ಕ?"

"ನೀನು ಬೇಡ ಅಂದ್ರೂ ಬರೋಳು."

ಸೀಳಿಗೂ ಕಾರ್ಡಿಗೂ ಅವಳು ಹೂಂ ಎಂದಳು. ಕಾರ್ಡು ಕಿತ್ತರೆ ತಕ್ಷಣ ಗೊತ್ತಾಗಬೇಕೇ ಎಂದು ಕೇಳಿದ್ದಕ್ಕೂ ಹೂಂ ಎಂದಳು. ಪ್ರೆಸ್ಸು ಓಡಿತು. ಆದರೆ ಈ ಲ್ಯಾಪ್‌ಟಾಪಿನ ಸೀಳು ಸವೆದಿತ್ತು. ಅಚ್ಚು ಇಳಿದು ನೆಲ ಅದುರಿದಾಗಲೆಲ್ಲ ಕಾರ್ಡು ಅಲುಗುವುದು, ಪ್ರೆಸ್ಸು ನಿಲ್ಲುವುದು. ಸುತ್ತಿಗೆಯ ತಲೆ ಕೆಟ್ಟಿತು.

ಅವನು ಅಂಗಡಿಗೆ ನುಗ್ಗಿದಾಗ ನಾನು ಅಲ್ಲಿರಲಿಲ್ಲ. ಇದ್ದಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು, ನಾನು ಜೈಲಿನಲ್ಲಿರುತ್ತಿದ್ದೆ. ಚಪ್ಪಲಿ ಹೊಲಿಯುವವನು ಕಣ್ಣಾರೆ ಕಂಡದ್ದನ್ನು ಹೇಳಿದ. ಸುತ್ತಿಗೆ ಮೇಜಿನ ಮೇಲಿದ್ದದ್ದನ್ನೆಲ್ಲ ನೆಲಕ್ಕೆ ಗುಡಿಸಿ, ಅತ್ತಿಗೆ ಕೀಲಿಗಳ ಮೇಲೆ ಬೆರಳಿಟ್ಟಿದ್ದಂತೆಯೇ ಲ್ಯಾಪ್‌ಟಾಪಿನ ಮುಚ್ಚಳವನ್ನು ದಡಾರನೆ ಮುಚ್ಚಿ, ಮೇಲೆ ಮೊಣಕೈ ಊರಿ ನಿಂತನಂತೆ.

"ಕಾರ್ಡು ಅಲ್ಲಾಡಿದ್ರೂ ಮಿಷನ್ನು ನಿಲ್ಲಬಾರ್ದು. ತಿಳೀತಾ?"

"ಹಾಗೆ ಮಾಡಿದ್ರೆ ಕಾರ್ಡು ಪೂರ್ತಿ ಕಿತ್ರೂ ನಿಲ್ಲಲ್ಲ," ಎಂದಳಂತೆ ಅತ್ತಿಗೆ, ಹಲ್ಲು ಕಚ್ಚಿಕೊಂಡು. "ಕೊನೇಲಿ ಬಂದ ಸುದ್ದೀನೇ ಹಿಡ್ಕೊಂಡು ಓಡ್ತಾನೇ ಇರತ್ತೆ. ಮೊದ್ಲು ಕೆಂಪು ಗುಂಡಿ ಸರಿ ಮಾಡ್ಸಿ. ಆಮೇಲೆ ಎಲ್ರಿಗೂ ಹೇಳಿ, ಕಾರ್ಡು ನಂಬ್ಕೊಂಡು ಯಾರೂ ಕೈ ಹಾಕಬಾರ್ದು ಅಂತ."

"ಆಯ್ತಾಯ್ತು, ನೀನು ಮಾಡು."

ಅವಳು ಊದಿದ ಬೆರಳುಗಳಿಂದಲೇ ಕಾರ್ಡು ಕಿತ್ತದ್ದು ಗೊತ್ತಾಗಬೇಕೇ ಎಂಬುದರ ಉತ್ತರವನ್ನು ಊಹೂಂ ಎಂದು ಬದಲಾಯಿಸಿದಳು. ಗುಂಡಿ ರಿಪೇರಿಯಾಗಲಿಲ್ಲ. ಸುತ್ತಿಗೆ ಯಾರಿಗೂ ಹೇಳಲಿಲ್ಲ. ಅತ್ತಿಗೆ ಊಟಕ್ಕೆ ಕೂತಾಗ ಅಣ್ಣನಿಗೆ ಬಿಡಿಸಿ ಬಿಡಿಸಿ ಹೇಳಿದಳು. ನಾನೂ ಪಕ್ಕದಲ್ಲೇ ಇದ್ದೆ. ಅವನು ಟೀವಿಯಿಂದ ಕಣ್ಣು ಕೀಳದೆ "ಹೂಂ" ಎಂದ.

ಒಂದು ಬೆಳಿಗ್ಗೆ ತಗಡು ಸಿಕ್ಕಿಕೊಂಡಿತು. ಅಣ್ಣ "ಎಳೀರಿ!" ಎಂದ. ಸುತ್ತಿಗೆ ಎಳೆದ. ಅಣ್ಣ ಕೈ ಹಾಕಿದ. ಅಚ್ಚು ಇಳಿಯಿತು.

ಅವನು ಕೂಗಿದ್ದು ಮನುಷ್ಯರ ದನಿಯಲ್ಲಿರಲಿಲ್ಲ. ಅಚ್ಚು ತನ್ನ ಪಾಡಿಗೆ ಮೇಲೆ ಹೋಯಿತು, ಅವನು ಎಳೆದುಕೊಳ್ಳುವ ಮೊದಲೇ ಮತ್ತೊಮ್ಮೆ ಇಳಿಯಿತು. ಸುತ್ತಿಗೆ ಕಿತ್ತ ಕಾರ್ಡನ್ನು ಕೈಯಲ್ಲಿ ಹಿಡಿದು ಬಾಯಿ ಬಿಟ್ಟುಕೊಂಡು ನಿಂತಿದ್ದ. ನಾನು ಓಡಿ ಹೋಗಿ ಗೋಡೆಯ ಮೇಲಿನ ಮುಖ್ಯ ಸ್ವಿಚ್ಚನ್ನು ಕೆಳಗೆ ಎಳೆದೆ. ಅಣ್ಣನನ್ನು ತಬ್ಬಿ ಹಿಂದಕ್ಕೆ ಎಳೆದಾಗ ಬೆರಳುಗಳು ನಮ್ಮ ಜೊತೆ ಬರಲಿಲ್ಲ. ತಗಡಿನ ಜೊತೆ ಅವೂ ಮುಚ್ಚಳವಾಗಿ ಹೋಗಿದ್ದವು. ರಕ್ತ ಎಣ್ಣೆಯ ನೆಲದ ಮೇಲೆ ಇಂಗದೆ ಹರಿದು ನನ್ನ ಚಪ್ಪಲಿಯ ಕೆಳಗೆ ಜಾರಿತು. ಆಸ್ಪತ್ರೆಯಲ್ಲಿ ಅವನ ಬಲಗೈಯನ್ನು ಮಣಿಕಟ್ಟಿನವರೆಗೆ ತೆಗೆದರು.

ಸುತ್ತಿಗೆ ಹಣ್ಣು ಹಿಡಿದುಕೊಂಡು ನೋಡಲು ಬಂದ. ಹಾಸಿಗೆಯ ಅಂಚಿನಲ್ಲಿ ಕೂತು ಮೆತ್ತಗೆ ಹೇಳಿದ: "ನಾನು ಎಳೆದೆ ಕಣಪ್ಪಾ. ನಿನ್ನ ಕಣ್ಣೆದುರೇ ಎಳೆದೆ. ನಿನ್ನ ಹೆಂಡ್ತಿ ಕಟ್ಟಿದ್ದು ನಿಲ್ಲಲಿಲ್ಲ, ನಾನೇನು ಮಾಡ್ಲಿ?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅಣ್ಣ ಮನೆಗೆ ಬಂದ ದಿನವೇ ಎಡಗೈಯಲ್ಲಿ ಅತ್ತಿಗೆಯ ಜುಟ್ಟು ಹಿಡಿದು ಅಡುಗೆಮನೆಯ ಕಟ್ಟೆಗೆ ತಲೆ ಗುದ್ದಿದ. "ನನ್ನ ಕೈ ತಿಂದವಳೇ" ಎಂಬುದೊಂದೇ ಮಾತು. ನಾನು ಬಾಣಲೆ ಎತ್ತಿ ಅವನ ಬೆನ್ನಿಗೆ ಬಿಟ್ಟೆ. "ಅವಳು ಹೇಳಿರ್ಲಿಲ್ವೇನೋ? ನೀನು ಹೂಂ ಅಂದಿದ್ದು ನನ್ನ ಕಿವಿಗೆ ಬಿದ್ದಿದೆ!" ಎಂದು ಕಿರುಚಿದೆ. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಅತ್ತಿಗೆ ಹಣೆಯ ರಕ್ತವನ್ನು ಸೆರಗಿನಿಂದ ಒತ್ತಿಕೊಂಡು ಅವನಿಗೆ ಅನ್ನ ಕಲಸಿ ತುತ್ತು ಮಾಡಿ ಇಟ್ಟಳು. ನನಗೆ ಅವಳ ಮೇಲೂ ಮೈ ಉರಿಯಿತು.

ಕಾರ್ಖಾನೆಯಲ್ಲಿ ಪ್ರೆಸ್ಸಿನ ಹತ್ತಿರ ಹೋಗಲು ಯಾರೂ ಒಪ್ಪಲಿಲ್ಲ. ಯಜಮಾನನೇ ಅಂಗಡಿಗೆ ಬಂದು, ಮೊದಲಿನ ಹಾಗೆ ಮಾಡಿಕೊಡು ಎಂದು ಕಾರ್ಖಾನೆಯ ಬೀಗದ ಕೈ ಕೊಟ್ಟು ಹೋದ. ಪ್ರೆಸ್ಸು ಮತ್ತೆ ಶುರುವಾದರೆ, ಬೇರೆಯವರು ಧೈರ್ಯ ಮಾಡುವವರೆಗೆ ಸುತ್ತಿಗೆಯೇ ನಡೆಸಬೇಕು ಎಂದು ತೀರ್ಮಾನವಾಗಿತ್ತು. ಇದು ಕಿವಿಗೆ ಬಿದ್ದದ್ದೇ ನನ್ನ ಎದೆ ಕುಣಿಯಿತು.

"ಅತ್ತಿಗೆ, ಏನೂ ಬದಲಾಯಿಸ್ಬೇಡ," ಎಂದೆ. "ಹಾಗೇ ಬಿಟ್ಬಿಡು. ತಗಡು ಸಿಕ್ಕೊಳತ್ತೆ, ಅವನೇ ಎಳೀರಿ ಅಂತಾನೆ, ಅವನೇ ಕೈ ಹಾಕ್ತಾನೆ. ಮಾಡಿದ್ದುಣ್ಣೋ ಮಹರಾಯ. ಯಾರು ಕೇಳಿದ್ರೂ, ಅವನೇ ನಿಲ್ಲಬಾರ್ದು ಅಂದಿದ್ದ ಅಂದ್ರಾಯ್ತು."

ಅವಳು ಕಾರ್ಡು ಅಲುಗದಂತೆ ಹಿಡಿಯಲು ಒಂದು ತಗಡಿನ ಪಟ್ಟಿಯನ್ನು ಅರದಿಂದ ಉಜ್ಜುತ್ತಿದ್ದಳು. ಎಳೆದರೆ ಪಟ್ಟಿಯ ಜೊತೆ ಕಾರ್ಡೂ ಹೊರಬರುವಂತೆ ತುದಿಗೆ ಒಂದು ದಾರ. ಅದನ್ನು ನೋಡಿಯೂ ಅವಳು ಒಳಗೆ ಯಾವ ಉತ್ತರ ಬರೆಯುತ್ತಾಳೋ ನನಗೆ ತಿಳಿಯಲಿಲ್ಲ. ರಜೆಯ ದಿನ ಮಧ್ಯಾಹ್ನ ಅಣ್ಣನನ್ನೂ ಕರೆದುಕೊಂಡು ಕಾರ್ಖಾನೆಗೆ ಹೋಗಿ ಕೆಲಸ ಮುಗಿಸಿ ಬಂದಳು. ಇಬ್ಬರೂ ಬಾಯಿ ಬಿಡಲಿಲ್ಲ.

ಮರುದಿನ ಎಲ್ಲರೂ ಪ್ರೆಸ್ಸಿನ ಸುತ್ತ ನಿಂತೆವು. ಯಜಮಾನ ಬಾಗಿಲ ಹತ್ತಿರ ದೂರದಲ್ಲಿದ್ದ. ಅತ್ತಿಗೆ ಲ್ಯಾಪ್‌ಟಾಪು ಹಚ್ಚಿ, "ಕಾರ್ಡು ಎಳೆದ್ರೆ ನಿಲ್ಲತ್ತೆ," ಎಂದಳು.

ಸುತ್ತಿಗೆ ನಕ್ಕ. "ಗಂಡನ ಕೈಯನ್ನೇ ನುಂಗಿದವಳು. ಇವಳ ಮಾತು ನಂಬಿ ಯಾವ ಮುಠ್ಠಾಳ ಕೈ ಹಾಕ್ತಾನೆ?"

"ನೀವೇ ಹಾಕಿ," ಎಂದಳು ಅತ್ತಿಗೆ. "ನಿಲ್ಲೋದನ್ನ ತೆಗ್ಸಿದ್ದು ನೀವೇ ತಾನೇ? ಎಲ್ರಿಗೂ ಹೇಳ್ತೀನಿ ಅಂದೋರೂ ನೀವೇ."

ಎಲ್ಲರೂ ಸುತ್ತಿಗೆಯ ಕಡೆ ತಿರುಗಿದರು. ಆ ಮಾತನ್ನು ಅಲ್ಲಿದ್ದವರು ಕೇಳಿದ್ದು ಅದೇ ಮೊದಲು. ಸುತ್ತಿಗೆ ಅವಳ ಬಾಯಿಗೆ ಮುಷ್ಟಿಯಿಂದ ಗುದ್ದಿದ. ಅವಳು ಮೇಜಿಗೆ ಬಡಿದು ಕೆಳಗೆ ಕುಸಿದಳು.

ಮುಂದಿನದನ್ನು ಯಾರು ಶುರು ಮಾಡಿದರು ಎಂದು ಆಮೇಲೆ ಯಜಮಾನ ಬಹಳ ವಿಚಾರಿಸಿದ. ನಾನೇ ಶುರು ಮಾಡಿದ್ದು. ಕೈಯಲ್ಲಿದ್ದ ಅರವನ್ನು ಅವನ ಕಿವಿಯ ಮೇಲೆ ಬೀಸಿದೆ. ಅವನು ತಿರುಗುವಷ್ಟರಲ್ಲಿ ಬಣ್ಣ ಹಾಕುವವನು ಅವನ ಕುತ್ತಿಗೆಗೆ ತೋಳು ಹಾಕಿದ್ದ, ತಗಡು ಹೊರುವವನು ಹೊಟ್ಟೆಗೆ ಒದ್ದಿದ್ದ. ವರ್ಷಗಟ್ಟಲೆ ತಿಂದ ಏಟುಗಳೆಲ್ಲ ಒಟ್ಟಿಗೆ ವಾಪಸು ಬಂದವು. ಎಳೆದುಕೊಂಡು ಹೋಗಿ ಪ್ರೆಸ್ಸಿನ ಮೇಲೆ ಕೆಡವಿದರು. ಅವನ ಬಲ ಮಣಿಕಟ್ಟನ್ನು ಎರಡೂ ಕೈಯಿಂದ ಅಚ್ಚಿನ ಕೆಳಗೆ ಒತ್ತಿ ಹಿಡಿದವಳು ನಾನು. ಯಾರೋ ಪೆಡಲು ತುಳಿದರು.

ಆ ಪ್ರೆಸ್ಸಿನ ಅಚ್ಚು ಮೊದಲು ನಿಧಾನವಾಗಿ ಇಳಿಯುತ್ತದೆ, ಕೊನೆಯ ಗೇಣಿನಲ್ಲಿ ಮಾತ್ರ ರಭಸ. ಅತ್ತಿಗೆ ಮೇಜು ಹಿಡಿದು ಎದ್ದಳು. ತುಟಿ ಸೀಳಿ ಗಲ್ಲದ ತನಕ ರಕ್ತ. ದಾರಕ್ಕೆ ಕೈ ಹಾಕಿದ್ದನ್ನು ಕಂಡು ನಾನು ಕಿರುಚಿದೆ: "ಎಳೀಬೇಡ ಅತ್ತಿಗೆ! ಬಿಡು!" ಸುತ್ತಿಗೆ ಅದಕ್ಕಿಂತ ಜೋರಾಗಿ ಕಿರುಚಿದ: "ಎಳೀರೀ! ಎಳೀರೀ!"

ಅವಳು ಎಳೆದಳು. ಅಚ್ಚು ಅವನ ಉಗುರುಗಳ ಮೇಲೆ, ಒಂದು ಬೆರಳು ತೂರುವಷ್ಟು ಜಾಗ ಬಿಟ್ಟು ನಿಂತಿತು.

ಅವನ ಪ್ಯಾಂಟು ಒದ್ದೆಯಾಗಿತ್ತು. ಬಿಟ್ಟ ಮೇಲೂ ಕೈಯನ್ನು ಹೊರಗೆಳೆದುಕೊಳ್ಳಲು ಅವನಿಗೆ ತೋಚಲಿಲ್ಲ, ಅತ್ತಿಗೆಯೇ ಹಿಡಿದು ತೆಗೆದಳು. ಅವನು ಗೋಡೆ ಹಿಡಿದುಕೊಂಡು ಹೊರಗೆ ಹೋದ, ಮತ್ತೆ ಆ ಕಡೆ ತಲೆ ಹಾಕಲಿಲ್ಲ. ನನ್ನನ್ನು ಕೆಲಸದಿಂದ ತೆಗೆದರು. ಕೆಂಪು ಗುಂಡಿ ಅದೇ ವಾರ ಬಂತು.

ಅಂಗಡಿಯ ಕಡೆಗೆ ನಡೆಯುವಾಗ ನನ್ನ ಕೋಪ ಇಳಿಯಿತು. "ಅತ್ತಿಗೆ, ಅಕಸ್ಮಾತ್ ನಿಲ್ಲದೇ ಇದ್ದಿದ್ರೆ? ಅಷ್ಟು ಗಟ್ಟಿಯಾಗಿ ಹೇಗೆ ಹೇಳ್ದೆ?"

"ನಿನ್ನೆ ನೋಡಿದ್ದೆ."

"ಏನಿಟ್ಟು ನೋಡ್ದೆ? ಕಟ್ಟಿಗೇನಾ?"

ಅವಳು ತನ್ನ ಬಲಗೈ ಎತ್ತಿದಳು. ಬೆಸುಗೆಯ ಸುಟ್ಟ ಕಲೆಗಳಿದ್ದ, ಐದೂ ಬೆರಳಿನ ಕೈ.

"ನಿಮ್ಮಣ್ಣಂಗೆ ಹೇಳ್ದೆ. ನನ್ನ ತಪ್ಪು ಅಂತ ನಿಮಗೆ ಅನ್ಸಿದ್ರೆ ಪೆಡಲು ಒತ್ತಿ, ನಿಮ್ಮ ಕೈಗೆ ನನ್ನ ಕೈ ಲೆಕ್ಕ ಆಗ್ಲಿ ಅಂತ. ಎಡಗೈಯಲ್ಲಿ ದಾರ ಹಿಡ್ಕೊಂಡು ಅಚ್ಚಿನ ಕೆಳಗೆ ಬಲಗೈ ಇಟ್ಟೆ. ಒತ್ತಲ್ಲ ಅನ್ಕೊಂಡಿದ್ದೆ."

ನಾನು ನಿಂತುಬಿಟ್ಟೆ. "ಒತ್ತಿದ್ನಾ?"

"ಒತ್ತಿದ್ರು," ಎಂದಳು. "ನಾನು ಎಳೆದು ಅಚ್ಚು ನಿಂತ ಮೇಲೂ ಇನ್ನೊಂದ್ಸಲ ಒತ್ತಿದ್ರು."

ನನ್ನ ಒಡಹುಟ್ಟಿದವನು. ನಾನು ಚರಂಡಿಯ ಪಕ್ಕ ಕೂತೆ. ಅವಳು ನನ್ನ ಬೆನ್ನು ಸವರಿದಳು. ಆ ಸಂಜೆ ಮನೆಗೆ ಹೋಗಿ ಅವಳ ಟ್ರಂಕನ್ನು ನಾನು ಹೊತ್ತೆ, ನನ್ನ ಹಾಸಿಗೆಯನ್ನು ಅವಳು ಹೊತ್ತಳು. ಅಣ್ಣ ಬಾಗಿಲಲ್ಲಿ ನಿಂತು ಬೈಯುತ್ತಲೇ ಇದ್ದ. ಹುಟ್ಟಿದಾಗಿನಿಂದ ಅವನ ಒಂದು ಮಾತನ್ನೂ ಬಿಟ್ಟುಕೊಟ್ಟವಳಲ್ಲ ನಾನು, ಅವತ್ತು ಎದುರಾಡಲಿಲ್ಲ, ಕೈಯೂ ಎತ್ತಲಿಲ್ಲ. ಅಂಗಡಿಯ ಅಟ್ಟದಲ್ಲಿ ಇಬ್ಬರೂ ಸಾಮಾನು ಜೋಡಿಸಿದೆವು.

ಆರು ತಿಂಗಳ ಮೇಲೆ ಅವನು ಅಂಗಡಿಯ ಮುಂದೆ ಬಂದು ನಿಂತ. ಗಡ್ಡ ಬೆಳೆದಿತ್ತು, ಬಲ ತೋಳನ್ನು ಜೇಬಿಗೆ ತುರುಕಿಕೊಂಡಿದ್ದ. ಚಪ್ಪಲಿ ಹೊಲಿಯುವವನು ತನ್ನ ಕೈಯ ಸುತ್ತಿಗೆಯನ್ನು ಕೆಳಗಿಟ್ಟು ನೋಡಿದ. ಅತ್ತಿಗೆ ತಲೆ ಎತ್ತದೆ ಸ್ಕ್ರೂ ಹೆಕ್ಕುತ್ತಿದ್ದಳು.

"ಅಣ್ಣ ಬಂದಿದಾನೆ," ಎಂದೆ. "ಏನು ಹೇಳ್ಲಿ?"

"ಊಹೂಂ," ಎಂದಳು.

ನಾನು ಎದ್ದು ಹೋಗಿ ಬಾಗಿಲು ಮುಚ್ಚಿದೆ.