ಕಾಶಿಗಿಂತ ದೂರ ಪಕ್ಕದ ಮನೆ

ದೇವನಹಳ್ಳಿಯ ನಮ್ಮ ಮಹಡಿಯಲ್ಲಿ ಸಂಡಿಗೆ ಒಣಹಾಕಿ ಕೂತರೆ ತಲೆಯ ಮೇಲೆ ಕಾಗೆಗಿಂತ ವಿಮಾನಗಳೇ ಹೆಚ್ಚು. ಇದುವರೆಗೆ ಒಂದೂ ಸಂಡಿಗೆಗೆ ಕೊಕ್ಕು ಹಾಕಿಲ್ಲ, ದೇವರು ದೊಡ್ಡವನು.

ಅತ್ತೆಯನ್ನು ಕಾಶಿಗೆ ಕರೆದೊಯ್ಯುವುದೆಂದಾದಾಗ ನಮ್ಮ ಯಜಮಾನರು ಬೀದಿಗೆಲ್ಲ ಸಾರಿದರು. "ಸಾವಿರದೈನೂರು ಕಿಲೋಮೀಟ್ರೂ ಇಲ್ಲ, ವಿಮಾನದಲ್ಲಿ ಎರಡೂವರೆ ಗಂಟೆ. ಎಲೆಅಡಿಕೆ ಜಗಿದು ಉಗಿಯೋಷ್ಟರಲ್ಲಿ ಗಂಗೆ." ಅತ್ತೆಯ ಮಂಡಿ ಸವೆದಿತ್ತು. ಈ ಸಲ ತಪ್ಪಿದರೆ ಇನ್ನು ಗಂಗಾಸ್ನಾನ ಇಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ಮನೆ ಬಿಡುವ ಹೊತ್ತು ಸರಿಯಾಗಿ ರಾಹುಕಾಲ. ಅದಕ್ಕೆ ನಮ್ಮಲ್ಲಿ ಉಪಾಯವಿದೆ, ಪ್ರಸ್ಥಾನ. ಬೆಳಿಗ್ಗೆಯೇ ಒಳ್ಳೆಯ ಗಳಿಗೆಯಲ್ಲಿ ಒಂದು ಚೀಲವನ್ನು ಪಕ್ಕದ ಮನೆಯಲ್ಲಿಟ್ಟರೆ ಪ್ರಯಾಣ ಶುರುವಾದಂತೆಯೇ ಲೆಕ್ಕ. ಆಮೇಲೆ ಯಾವಾಗ ಹೊರಟರೂ ರಾಹು ಕೇಳುವುದಿಲ್ಲ. ಯಜಮಾನರು ಚೀಲಕ್ಕೆ ಹಳೆಯ ಟವೆಲ್ ತುರುಕುತ್ತಿದ್ದರು.

"ದೇವ್ರಿಗೇ ಟೋಪಿ ಹಾಕ್ತೀಯೇನೋ?" ಅಂದರು ಅತ್ತೆ. "ಯಾವ್ದು ಇಲ್ದಿದ್ರೆ ಪ್ರಯಾಣವೇ ಆಗಲ್ವೋ ಅದನ್ನ ಇಡು."

ಮಾತೃಭಕ್ತಿಯಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. ಮೂವರ ಆಧಾರ್ ಕಾರ್ಡುಗಳನ್ನೂ ಅದರೊಳಗಿಟ್ಟು ಪಕ್ಕದ ಮನೆಯಾಕೆಗೆ ಕೊಟ್ಟು ಬಂದರು.

ಕಾರು ಬಂತು. ಚೀಲ ತರಲು ಹೋದರೆ ಪಕ್ಕದ ಮನೆಗೆ ಬೀಗ. ಫೋನ್ ಮಾಡಿದೆ. ಆಕೆ ನಾಮಕರಣಕ್ಕೆಂದು ಜಡಿಗೇನಹಳ್ಳಿಯಲ್ಲಿದ್ದರು.

"ಗಾಬ್ರಿ ಯಾಕಕ್ಕಾ, ಚೀಲ ಭದ್ರವಾಗೈತೆ. ದೇವ್ರ ಮನೇಲಿಟ್ಟು, ಮನೆಗೆ ಬೀಗ ಹಾಕ್ಕೊಂಡೇ ಬಂದಿದೀನಿ. ನೀವು ನೆಮ್ದಿಯಾಗಿ ಹೋಗ್ಬನ್ನಿ."

ಪ್ರಸ್ಥಾನದ ಚೀಲದಲ್ಲಿ ಯಾರಾದರೂ ಬೇಕಾದ ವಸ್ತು ಇಡುತ್ತಾರೆಂದು ಪಾಪ, ಆಕೆ ಕನಸಿನಲ್ಲೂ ಎಣಿಸಿರಲಿಲ್ಲ. ಪಕ್ಕದ ತಾಲ್ಲೂಕಿನಿಂದ, ಹೊಸಕೋಟೆಯ ಟ್ರಾಫಿಕ್ಕು ದಾಟಿ, ಆಕೆ ಕೀಲಿ ತರುವಷ್ಟರಲ್ಲಿ ವಿಮಾನ ಕಾಶಿಯಲ್ಲಿರುತ್ತಿತ್ತು, ನಮ್ಮನ್ನು ಬಿಟ್ಟು. ವಿಷಯ ತಿಳಿಸಿದೆ. "ಹಂಗಾದ್ರೆ ಬೀಗ ಒಡೀರಿ ಅಕ್ಕಾ" ಅಂದರು, ಪುಣ್ಯಾತ್ಗಿತ್ತಿ.

ಯಜಮಾನರಿಗೆ ಆಗ ಧರ್ಮ ನೆನಪಾಯಿತು. "ಕಾಶಿಗೆ ಹೊರಟೋರು ಇನ್ನೊಬ್ರ ಮನೆ ಬೀಗ ಒಡೀಬೋದಾ ಅವ್ವಾ?"

ಅತ್ತೆ ಆ ಮನೆಯ ಜಗಲಿಯ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಿದ್ದರು. "ನಿಮ್ಮಪ್ಪ ಕಾಶಿಗೆ ಕರ್ಕೊಂಡೋಗ್ತೀನಿ ಅಂತ ಅಂದೂ ಅಂದೂ, ಕೊನೆಗೆ ತಾನೊಬ್ನೇ ಹೊಂಟೋದ. ಹೊಡಿಯೋ."

ನಮ್ಮ ರುಬ್ಬುವ ಗುಂಡಿನ ಏಟಿಗೆ ಬೀಗ ಬಿತ್ತು, ಸಾಕ್ಷಾತ್ ರಾಹುಕಾಲದ ನಡುಮಧ್ಯದಲ್ಲಿ. ಆ ಮಾತನ್ನು ಯಾರೂ ಎತ್ತಲಿಲ್ಲ. ಗುಂಡು ಕಾಲ ಮೇಲೆ ಬೀಳಲಿಲ್ಲವಲ್ಲ, ಅಷ್ಟು ಸಾಕು.

ವಿಮಾನ ಸಿಕ್ಕಿತು. ಮಾರನೆಯ ದಿನ ಅತ್ತೆ ನನ್ನ ಕೈ ಹಿಡಿದು ಗಂಗೆಗಿಳಿದು ಮೂರು ಮುಳುಗು ಹಾಕಿದರು, ಒಂದು ತಮಗೆ, ಎರಡು ಮಾವನವರಿಗೆ. ಎದ್ದು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನೂ ಕಣ್ಣೊರೆಸಿಕೊಂಡೆ, ನೀರಲ್ಲಿ ಗೊತ್ತಾಗಲಿಲ್ಲ.

ಕಾಶಿಗೆ ಹೋದವರು ತಮಗೆ ಪ್ರಿಯವಾದ ಒಂದನ್ನು ಅಲ್ಲಿ ಬಿಟ್ಟು ಬರಬೇಕು. ವಿಶ್ವನಾಥಾ, ಅತ್ತೆ ರಾಹುಕಾಲ ನೋಡುವುದನ್ನು ಬಿಡಲಪ್ಪ ಎಂದು ಬೇಡಿಕೊಂಡೆ. ಅತ್ತೆ ಬಹಳ ಯೋಚಿಸಿ ಹಾಗಲಕಾಯಿ ಬಿಟ್ಟರು. ನಾನು ಸೊಸೆಯಾಗಿ ಬಂದಾಗಿನಿಂದ ಅವರು ಅದನ್ನು ಮುಟ್ಟಿದ್ದೇ ಇಲ್ಲ.