ಥ್ರೋಬಾಲ್ ಹುಡುಗಿಗೆ ತುಂಬಿದ ಮಡಿಲಕ್ಕಿ

ಜಂಬ ಅಂದರೆ ಜಂಬವೇ ಅನ್ನಿ, ಆ ಹುಡುಗಿಯನ್ನು ಹಲಸೂರಿಗೆ ಕೊಟ್ಟ ನಿರ್ಧಾರ ನನ್ನದೇ. ಗರುಡಾಚಾರ್‌ಪಾಳ್ಯದ ನಮ್ಮ ಹೆಂಗಸರ ಥ್ರೋಬಾಲ್ ತಂಡಕ್ಕೆ ನಾನು ಕ್ಯಾಪ್ಟನ್. ಪ್ರತಿ ವರ್ಷ ಸೆಮಿಫೈನಲ್‌ನಲ್ಲಿ ಸೋತು, ದಾರಿಯಲ್ಲಿ ಬಿರಿಯಾನಿ ತಿಂದು ಮನೆ ಸೇರುವುದು ನಮ್ಮ ಸಂಪ್ರದಾಯವಾಗಿಬಿಟ್ಟಿತ್ತು. ನನ್ನ ಮಂಡಿ ಆಗಲೇ ಕಟಕಟ ಅನ್ನುತ್ತಿತ್ತು. ಅದು ಪೂರ್ತಿ ಕೈಕೊಡುವುದರೊಳಗೆ ಒಂದೇ ಒಂದು ಕಪ್ ಎತ್ತಬೇಕೆಂಬುದು ನನ್ನ ಹಟ.

ಹುಡುಗಿ ನಮ್ಮ ವಠಾರದಲ್ಲಿ ಬಾಡಿಗೆಗಿದ್ದ ರಾಯಚೂರು ಕಡೆಯವರ ಮಗಳು. ಅವಳು ಸರ್ವ್ ಎಸೆದರೆ ಚೆಂಡು ನೆಟ್ ದಾಟಿದ ಮೇಲೆ ಇದ್ದಕ್ಕಿದ್ದಂತೆ ಕೆಳಗಿಳಿಯುತ್ತಿತ್ತು. ಹಿಡಿಯಲು ಚಾಚಿದ ಕೈ ಗಾಳಿಯಲ್ಲೇ ಉಳಿಯುತ್ತಿತ್ತು. ಆದರೆ ಅರ್ಧಕ್ಕರ್ಧ ಸರ್ವ್‌ಗಳು ಗೆರೆಯಾಚೆ ಬೀಳುತ್ತಿದ್ದವು. ಹಲಸೂರು ತಂಡಕ್ಕೆ ಅಂಥ ಎಳೆಯ ತೋಳು ಬೇಕಿತ್ತು, ತಿದ್ದುವುದಕ್ಕೆ ಕೋಚ್ ಇದ್ದರು. ನಮ್ಮಲ್ಲಿ ಇದ್ದದ್ದು ನನ್ನ ಬಾಯಿ ಮಾತ್ರ. ಅವರ ಹತ್ತಿರ ನಲವತ್ತು ದಾಟಿದ ಆಟಗಾರ್ತಿಯೊಬ್ಬಳಿದ್ದಳು, ಎಂಥ ಚೆಂಡನ್ನೂ ಕೂಸನ್ನು ಎತ್ತಿಕೊಂಡಷ್ಟು ಸಲೀಸಾಗಿ ಹಿಡಿಯುವವಳು. ಟೂರ್ನಮೆಂಟ್ ಶುರುವಾಗುವ ಮುಂಚೆ ತಂಡಗಳು ಒಬ್ಬ ಆಟಗಾರ್ತಿಯನ್ನು ಕೊಟ್ಟು ಇನ್ನೊಬ್ಬಳನ್ನು ಪಡೆಯಬಹುದಿತ್ತು. ನಾನು ಹುಡುಗಿಯನ್ನು ಕೊಟ್ಟು ಅವಳನ್ನು ಬದಲಾಯಿಸಿಕೊಂಡೆ.

"ನಾನೇನ್ ಬ್ಯಾಡಾದ್ನೇನ್ರೀ ಅಕ್ಕಾ?" ಎಂದು ಹುಡುಗಿ ಕಣ್ಣು ತುಂಬಿಕೊಂಡಳು.

"ಅಲ್ಲಿ ಕೋಚ್ ಇದಾರೆ ಕಣೇ. ಇಲ್ಲಿದ್ರೆ ನಿನ್ ಕೈ ವೇಸ್ಟಾಗ್ಬಿಡುತ್ತೆ" ಎಂದೆ. ಅವಳು ನಂಬಲಿಲ್ಲ.

ನಮ್ಮ ಮನೆಯಿಂದ ಹೆಣ್ಣುಮಕ್ಕಳನ್ನು ಬರಿಮಡಿಲಲ್ಲಿ ಕಳಿಸಿದ್ದೇ ಇಲ್ಲ. ಅವಳು ಮೊದಲ ದಿನ ಹಲಸೂರಿಗೆ ಆಡಲು ಹೊರಟಾಗ ಹಿಂದುಮುಂದು ನೋಡದೆ ಅಕ್ಕಿ, ಕೊಬ್ಬರಿ, ಬೆಲ್ಲ, ಎಲೆ ಅಡಿಕೆ ತಂದು ಅವಳ ದುಪಟ್ಟಾಗೇ ಸುರಿದೆ. ಅವಳ ತಾಯಿ ಓಡಿಬಂದರು.

"ಅಯ್ಯ ಯವ್ವಾ! ಮದುವಿ ಆಗಲಾರದ ಹುಡುಗಿಗೆ ಉಡಿ ತುಂಬ್ತಾರೇನ್ರೀ?"

ನಾಲಿಗೆ ಕಚ್ಚಿಕೊಂಡೆ. ಗಂಡನ ಮನೆಗೆ ಹೋಗುವ ಮಗಳಿಗೆ ತುಂಬುವುದನ್ನು ಆಟಕ್ಕೆ ಹೋಗುವವಳಿಗೆ ತುಂಬಿಬಿಟ್ಟಿದ್ದೆ! ಕೊಟ್ಟ ಮಡಿಲಕ್ಕಿಯನ್ನು ವಾಪಸು ತೆಗೆದುಕೊಳ್ಳುವ ಹಾಗಿಲ್ಲ. ಕೊನೆಗೆ ತಾಯಿಯೇ ನಕ್ಕರು. "ಹೋಗ್ಲಿ ಬಿಡ್ರಿ. ತುಂಬೀರಿ ಅಂದ್ರ ನಿಮ್ಮನಿ ಮಗಳ ಆದ್ಳು." ಹುಡುಗಿ ಮಾತ್ರ ನಗದೆ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ ಹತ್ತಿದಳು.

ಆ ವರ್ಷ ನಾವು ಸೆಮಿಫೈನಲ್ ದಾಟಿದೆವು. ಫೈನಲ್‌ನಲ್ಲಿ ಎದುರು ನಿಂತದ್ದು ಹಲಸೂರೇ. ಕೊನೆಯ ಸೆಟ್‌ನಲ್ಲಿ ನಮಗೆ ಇನ್ನೊಂದೇ ಪಾಯಿಂಟ್ ಬೇಕಿದ್ದಾಗ ಸರ್ವ್‌ಗೆ ಬಂದವಳು ನಮ್ಮ ಹುಡುಗಿ. ನೋಡಿ ನೋಡಿ ನನಗೇ ಎಸೆದಳು. ಒಂದೂ ಗೆರೆ ದಾಟಲಿಲ್ಲ, ಒಂದೂ ನನ್ನ ಕೈಯಲ್ಲಿ ನಿಲ್ಲಲಿಲ್ಲ. ಅಂಗೈ ಉರಿಯುತ್ತಿತ್ತು, ಪಾಯಿಂಟ್ ಸಮವಾಗುತ್ತಾ ಬಂತು, ಆದರೂ ನನಗೆ ಖುಷಿಯೋ ಖುಷಿ.

"ಏನ್ ಸರ್ವ್ ಗುರೂ! ಯಾರೇ ಅವ್ಳು?" ಎಂದು ಗೆರೆಯಾಚೆಯಿಂದ ಯಾರೋ ಕೂಗಿದರು.

"ನಮ್ ಹುಡ್ಗೀನೇ!" ಎಂದು ತಿರುಗಿ ಕೂಗಿದೆ. ನಮ್ಮ ತಂಡದವರೇ ನನ್ನನ್ನು ದುರುಗುಟ್ಟಿಕೊಂಡು ನೋಡಿದರು.

ಹುಡುಗಿಯ ಬದಲಿಗೆ ಹಲಸೂರಿನಿಂದ ಬಂದವಳು ನನ್ನ ಹೆಗಲು ತಟ್ಟಿ, ತಮಿಳು ಬೆರೆಸಿ, "ಪರ್ವಾಯಿಲ್ಲೆ ಅಕ್ಕಾ, ನೀವು ಆ ಕಡೆ ನಿಂತ್ಕೊಳ್ಳಿ" ಎಂದು ನನ್ನ ಜಾಗಕ್ಕೆ ಬಂದಳು. ಮುಂದಿನ ಚೆಂಡು ಹಾಗೇ ಕೆಳಗಿಳಿಯಿತು. ಅವಳು ಮಂಡಿ ಬಗ್ಗಿಸಿ ನೆಲದ ಹತ್ತಿರ ಹಿಡಿದು, ಎದುರಿನ ಖಾಲಿ ಮೂಲೆಗೆ ಎಸೆದಳು. ಕಪ್ ನಮ್ಮದಾಯಿತು.

ಅತ್ಯುತ್ತಮ ಸರ್ವ್‌ನ ಬಹುಮಾನ ಹುಡುಗಿಗೆ ಬಂತು. ಮೈಕ್ ಹಿಡಿದವರು, "ಯಾವ ಊರಮ್ಮ ನಿಂದು?" ಎಂದು ಕೇಳಿದರು. ಹಲಸೂರಿಗೆ ಹೋದಂದಿನಿಂದ ಅವಳು ನನ್ನ ಹತ್ತಿರ ಒಂದು ಮಾತೂ ಆಡಿರಲಿಲ್ಲ.

"ಆಡೂದು ಹಲಸೂರಿಗ್ರೀ," ಎಂದಳು ಹುಡುಗಿ, ನನ್ನ ಕಡೆ ನೋಡುತ್ತಾ. "ತವರುಮನಿ ಗರುಡಾಚಾರ್‌ಪಾಳ್ಯ. ಉಡಿ ತುಂಬಿ ಕಳ್ಸ್ಯಾರ."

ಕಪ್ಪನ್ನು ಪಕ್ಕದವಳ ಕೈಗೆ ಕೊಟ್ಟು, ಉರಿಯುವ ಅಂಗೈಯಲ್ಲೇ ಚಪ್ಪಾಳೆ ಹೊಡೆದೆ.